ಸಫಾರಿಗೆ ಹೊರಡುವ ಮುನ್ನ

ಶ್ರಾವಣದ ಒಂದು ಸಂಜೆ ಆಳಂದದ ಹಿರಿಯ ಮಿತ್ರರೊಬ್ಬರು ನನ್ನನ್ನು ಮನೆಗೆ ಕರೆಸಿಕೊಂಡರು. ಹೋಗಿ ನೋಡಿದರೆ ಪಡಸಾಲೆಯಲ್ಲಿ ಆಫ್ರಿಕಾ ಖಂಡದ ದೊಡ್ಡ ನಕ್ಷೆಯೊಂದು ಹರಡಿತ್ತು. ಅದರ ನಾಲ್ಕು ಮೂಲೆಗಳಿಗೆ ತೊಗರಿಬೇಳೆಯ ಡಬ್ಬಿ, ತಂಬಿಗೆ, ಪಂಚಾಂಗ, ಕನ್ನಡಕದ ಪೆಟ್ಟಿಗೆ ಹೀಗೆ ಒಂದೊಂದು ಭಾರ. ಸುತ್ತ ಕುಳಿತವರಲ್ಲಿ ಅಫಜಲಪುರದಿಂದ ಬಂದ ಒಬ್ಬ ರೈತರೂ ಜೇವರ್ಗಿಯ ಒಬ್ಬ ನಿವೃತ್ತ ಉಪಾಧ್ಯಾಯರೂ ಇದ್ದರು. ಮೂರೂ ಮನೆಯವರು ಕೂಡಿ ದಕ್ಷಿಣ ಆಫ್ರಿಕಾದ ಕಡೆಗೆ ಕಾಡುಪ್ರಾಣಿಗಳನ್ನು ನೋಡಲು ಹೊರಡುವ ಆಲೋಚನೆಯಲ್ಲಿದ್ದರು. “ಮಾಸ್ತರೇ, ನೀವು ಇತಿಹಾಸ ಬಲ್ಲವರು. ಯಾವ ತಿಂಗಳ ಹೋದ್ರ ಛಲೋ, ಏನು ನೋಡಬೇಕು, ಹೇಳ್ರಿ” ಎಂದರು ರೈತರು. ಇತಿಹಾಸಕ್ಕೂ ಈ ಪ್ರಶ್ನೆಗೂ ಏನು ಸಂಬಂಧವೆಂದು ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ.

ತಿಂಗಳ ವಿಷಯ ಸುಲಭವಾದದ್ದು. ಸಮಭಾಜಕ ವೃತ್ತದ ಆಚೆ ಋತುಗಳು ತಿರುವುಮುರುವು. ಇಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಒಣ ಚಳಿಗಾಲ; ಅಲ್ಲಿ ಮಳೆ ಬೀಳುವುದು ಬಹುಮಟ್ಟಿಗೆ ನವೆಂಬರಿನಿಂದ ಮಾರ್ಚಿಯವರೆಗೆ. ಮೇ ತಿಂಗಳಿಂದ ಅಕ್ಟೋಬರಿನ ತನಕ ಹುಲ್ಲು ಒಣಗಿ ತಗ್ಗುತ್ತದೆ, ಹೊಂಡಗಳು ಬತ್ತುತ್ತವೆ, ನೀರು ಉಳಿದ ಕೆಲವೇ ಕಡೆಗಳಿಗೆ ಪ್ರಾಣಿಗಳೆಲ್ಲ ಬಂದು ಸೇರಲೇಬೇಕಾಗುತ್ತದೆ. ನಮೀಬಿಯಾದ ಎಟೋಷಾದಲ್ಲಿ ನೀರಿನ ಗುಂಡಿಯ ಪಕ್ಕದಲ್ಲಿ ಬಂಡಿ ನಿಲ್ಲಿಸಿ ಸುಮ್ಮನೆ ಕುಳಿತರೆ ಸಾಕು, ಆನೆ, ಜಿರಾಫೆ, ಜೀಬ್ರಾಗಳು ತಾವಾಗಿಯೇ ಕಣ್ಣಮುಂದೆ ಬರುತ್ತವೆ. ಹಾಗಾದರೆ ದಸರೆಯ ರಜೆ. ಜೂನ್ ಜುಲೈ ತಿಂಗಳು ತೊಗರಿ ಬಿತ್ತನೆಗೆ ಬೇಕು, ಡಿಸೆಂಬರಿನಲ್ಲಿ ರಾಶಿ; ನಡುವೆ ಅಕ್ಟೋಬರಿನಲ್ಲಿ ಮೊಮ್ಮಕ್ಕಳ ಶಾಲೆಗೂ ರಜೆ. ಒಕ್ಕಲುತನದ ಲೆಕ್ಕವೂ ಆಫ್ರಿಕಾದ ಲೆಕ್ಕವೂ ಇಷ್ಟು ಚೆನ್ನಾಗಿ ಕೂಡಿಬಂದದ್ದನ್ನು ಕಂಡು ರೈತರಿಗೆ ಸಂತೋಷವಾಯಿತು.

ಎಟೋಷಾದ ವಿಸ್ತಾರ ಸುಮಾರು 22,000 ಚದರ ಕಿಲೋಮೀಟರು, ಅಂದರೆ ನಮ್ಮ ಇಡೀ ಕಲಬುರಗಿ ಜಿಲ್ಲೆಯ ಎರಡರಷ್ಟು. 1907ರಲ್ಲಿ ಜರ್ಮನ್ನರ ಆಡಳಿತದಲ್ಲಿ ಅದನ್ನು ಕಾಯ್ದಿಟ್ಟ ಪ್ರದೇಶವೆಂದು ಸಾರಲಾಯಿತು. ಅಲ್ಲಿಯೇ ತಲೆತಲಾಂತರದಿಂದ ಬೇಟೆಯಾಡಿ ಬದುಕಿದ್ದ ಹಾಯ್‌ಓಮ್ ಸಾನ್ ಜನರನ್ನು 1954ರಲ್ಲಿ ಹೊರಗೆ ಕಳಿಸಿದರು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನ 1926ರದು. ಅದರ ಉತ್ತರದ ತುದಿಯಿಂದ 1969ರಲ್ಲಿ ಎಬ್ಬಿಸಲಾದ ಮಕುಲೆಕೆ ಜನರಿಗೆ 1998ರಲ್ಲಿ ನೆಲದ ಹಕ್ಕು ಮರಳಿ ದೊರೆಯಿತು. ಪ್ರವಾಸದ ಬಣ್ಣದ ಪುಸ್ತಿಕೆಗಳಲ್ಲಿ ಈ ಸಂಗತಿ ಕಾಣುವುದು ವಿರಳ.

“ಸಫಾರಿ” ಎಂಬ ಮಾತಿನ ಬಗ್ಗೆ ಉಪಾಧ್ಯಾಯರು ಕೇಳಿದರು. ಅದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಶಬ್ದ. ಅದರ ಬೇರು ಅರಬ್ಬಿಯ “ಸಫರ್”, ಅಂದರೆ ಪ್ರಯಾಣ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳಂದದ ಲಾಡ್ಲೆ ಮಶಾಯಿಕರ ಉರುಸಿಗೆ ಬರುವ ಮುಸಾಫಿರನೂ ಅದೇ ಬೇರಿನವನು. ಕಡಲಾಚೆಯ ಕುತೂಹಲವೂ ಇಲ್ಲಿಗೆ ಹೊಸದಲ್ಲ. ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೋಗುವಾಗ ಭೀಮೆಯ ತಿರುವಿನಲ್ಲಿ ಹಾಳುಬಿದ್ದಿರುವ ಫಿರೋಜಾಬಾದನ್ನು 1400ರ ಸುಮಾರಿಗೆ ಕಟ್ಟಿಸಿದ ಬಹಮನಿ ಸುಲ್ತಾನ ಫಿರೋಜ್ ಷಹ, ದೇಶದೇಶಗಳ ಅಪೂರ್ವ ವಸ್ತುಗಳನ್ನು ತರಲು ಗೋವೆ ಮತ್ತು ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗು ಕಳಿಸುತ್ತಿದ್ದನೆಂದು ಫೆರಿಷ್ತಾ ಬರೆದಿದ್ದಾನೆ. ಆಫ್ರಿಕಾದಿಂದ ಬಂದ ಹಬ್ಶಿಗಳು ದಖ್ಖನಿನ ರಾಜಕಾರಣವನ್ನೇ ನಡೆಸಿದರು. ಇಥಿಯೋಪಿಯಾದಲ್ಲಿ ಹುಟ್ಟಿದ ಮಲಿಕ್ ಅಂಬರ್ ಅಹಮದನಗರವನ್ನು ಆಳಿಸಿದ. ವಿಜಾಪುರದ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಪ್ರಬಲನಾಗಿದ್ದ. ಇಂದು ಮುಂಬಯಿಯಿಂದ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ದಕ್ಷಿಣಕ್ಕೆ ಹೋಗುವವರು, ಅವರು ಬಂದ ನಾಡನ್ನು ಮುಟ್ಟಿಯೇ ಹೋಗುತ್ತಾರೆ.

ಇನ್ನು ಏನು ನೋಡಬೇಕು ಎಂಬ ಪ್ರಶ್ನೆ. ಮಿತ್ರರ ಪಟ್ಟಿಯಲ್ಲಿ ಸಿಂಹ, ಆನೆ, ಘೇಂಡಾಮೃಗ ಮೊದಲಿಗಿದ್ದವು. ಕೆಳಗೆ ಎಲ್ಲೋ “ಚೀತಾ” ಎಂದಿತ್ತು. ಅದರ ಮುಂದೆ ಯಾರೋ “ಚಿರತೆ” ಎಂದು ಅರ್ಥ ಬರೆದಿದ್ದರು. ನಾನು ತಡೆದದ್ದು ಅಲ್ಲಿ.

ಚಿರತೆ ಬೇರೆ, ಚೀತಾ ಬೇರೆ. ಚಿರತೆ ಗಿಡ ಹತ್ತುವ, ಹೊಂಚು ಹಾಕುವ, ಮೈತುಂಬಿದ ಪ್ರಾಣಿ. ಚೀತಾ ನೀಳಕಾಲಿನ, ಸಣ್ಣ ನಡುವಿನ, ಬಯಲಿನ ಓಟಗಾರ. ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಇಳಿದಂತೆ ಕಪ್ಪು ಗೆರೆ. ಅದಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿತ್ತು. 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಗ್ರಂಥ ಪ್ರಕಟಿಸಿದ ಜೆರ್ಡನ್ ಎಂಬ ವೈದ್ಯ, ಈ ಪ್ರಾಣಿಗೆ ಕನ್ನಡಿಗರು ಹೇಳುವ ಹೆಸರುಗಳೆಂದು “ಚಿರ್ಚ”, “ಸಿವಂಗಿ” ಎಂಬ ಎರಡನ್ನು ಕೊಟ್ಟಿದ್ದಾನೆ. ಕಾಣದ ಪ್ರಾಣಿಗೆ ಜನ ಹೆಸರಿಡುವುದಿಲ್ಲ. ಚಿಗರಿ ಹಿಂಡುಗಳಿದ್ದ ನಮ್ಮ ಎರೆಭೂಮಿಯ ಬಯಲುಸೀಮೆ ಸಿವಂಗಿಗೆ ಹೇಳಿಮಾಡಿಸಿದ ನೆಲವಾಗಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ಆಳಂದದ ಈಶಾನ್ಯಕ್ಕೆ, ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ “ಮಾನಸೋಲ್ಲಾಸ” ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅಡುಗೆ, ಸಂಗೀತ, ಆನೆ, ಕುದುರೆಗಳಂತೆ ಬೇಟೆಯ ವಿನೋದಕ್ಕೂ ಅದರಲ್ಲಿ ಸ್ಥಾನವಿದೆ. ಚೀತಾವನ್ನು ಪಳಗಿಸಿ ಜಿಂಕೆಯ ಬೇಟೆಗೆ ಬಿಡುತ್ತಿದ್ದುದಕ್ಕೆ ಭಾರತದಲ್ಲಿ ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಆ ಗ್ರಂಥವೊಂದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆಗ “ಆಳಂದೆ ಸಾಸಿರ” ಎಂದು ಶಾಸನಗಳು ಕರೆಯುವ ನಾಡು ಕಲ್ಯಾಣದ ಮಗ್ಗುಲಿನದು. “ಅಂದ್ರ ನಮ್ಮ ಹಿತ್ತಲದಾಗ ಇದ್ದದ್ದನ್ನ ನೋಡಲಿಕ್ಕೆ ನಾವು ಸಮುದ್ರ ದಾಟಿ ಹೊಂಟೀವೇನ್ರೀ?” ಎಂದು ಆಳಂದದ ಮಿತ್ರರು ನಕ್ಕರು. ನಕ್ಕವರು ಅವರೊಬ್ಬರೇ.

ಪಳಗಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಥೆಯ ಗಂಟು ಅಲ್ಲಿದೆ. ಮರಿಗಳನ್ನು ಹಿಡಿದು ಸಾಕಿದರೆ ಪ್ರಯೋಜನವಿರಲಿಲ್ಲ, ಬೇಟೆಯನ್ನು ಅವು ತಾಯಿಯಿಂದಲೇ ಕಲಿಯಬೇಕು. ಆದ್ದರಿಂದ ಬೆಳೆದ ಪ್ರಾಣಿಯನ್ನೇ ಹಿಡಿಯುತ್ತಿದ್ದರು. ಚೀತಾಗಳು ಮತ್ತೆ ಮತ್ತೆ ಬಂದು ಉಗುರು ಮಸೆಯುವ, ಗುರುತು ಬಿಡುವ ಮರಗಳಿರುತ್ತವೆ. ಅಂಥ ಮರದ ಸುತ್ತ ನರದ ಹುರಿಯ ಉರುಲುಗಳನ್ನು ಹೂಡುತ್ತಿದ್ದರು. ಸಿಕ್ಕ ಪ್ರಾಣಿಯನ್ನು ಕೆಲವು ತಿಂಗಳು ಜನರ ನಡುವೆ ಕಟ್ಟಿ ರೂಢಿ ಮಾಡಿಸಿ, ಕಣ್ಣಿಗೆ ಕುಲಾವಿ ಹಾಕಿ ಎತ್ತಿನ ಗಾಡಿಯಲ್ಲಿ ಬಯಲಿಗೆ ಒಯ್ಯುತ್ತಿದ್ದರು. ದಿನವೂ ಹೊಲದ ಗಾಡಿಗಳನ್ನು ಕಾಣುವ ಚಿಗರಿ ಗಾಡಿಗೆ ಬೆದರುವುದಿಲ್ಲ. ಹತ್ತಿರ ಬಂದಾಗ ಕುಲಾವಿ ತೆಗೆದರೆ ಚೀತಾ ಕೆಳಗೆ ಹಾರುತ್ತಿತ್ತು. ಇಂದು ಆಫ್ರಿಕಾದಲ್ಲಿ ಪ್ರವಾಸಿಗರು ಜೀಪಿನಿಂದ ಕೆಳಗಿಳಿಯಬಾರದೆಂದು ಹೇಳುವುದರ ಹಿಂದೆಯೂ ಇದೇ ತತ್ವವಿದೆ: ಬಂಡಿಗೆ ಒಗ್ಗಿದ ಪ್ರಾಣಿ ಇಳಿದು ನಿಂತ ಮನುಷ್ಯನಿಗೆ ಒಗ್ಗಿಲ್ಲ.

ಹಿಡಿದ ಚೀತಾ ಸೆರೆಯಲ್ಲಿ ಮರಿ ಹಾಕುವುದು ಆಗ ತೀರ ಅಪರೂಪವಾಗಿತ್ತು. ತನ್ನ ತಂದೆ ಅಕ್ಬರನ ಬಳಿ ಒಮ್ಮೆ ಸಾವಿರ ಚೀತಾಗಳಿದ್ದರೂ ಅವು ಕೂಡಿ ಮರಿ ಹಾಕಲಿಲ್ಲವೆಂದೂ ತನ್ನ ಕಾಲದಲ್ಲಿ ಒಂದು ಹೆಣ್ಣು ಮೂರು ಮರಿ ಹಾಕಿದ್ದು ಸೋಜಿಗವೆಂದೂ ಜಹಾಂಗೀರ್ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಅಂದರೆ ದರ್ಬಾರಿನ ಪ್ರತಿಯೊಂದು ಚೀತಾವೂ ಬಯಲಿನಿಂದ ಕಳೆದ ಒಂದು ಲೆಕ್ಕ. ಎಂಟುನೂರು ವರ್ಷ ಈ ಕಳೆಯುವಿಕೆ ನಡೆಯಿತು. ಮೇಲೆ ಬಂದೂಕು ಬಂತು. ಹುಲ್ಲುಗಾವಲು ಉಳುಮೆಗೆ ಸಿಕ್ಕಿತು. 20ನೆಯ ಶತಮಾನದ ಆರಂಭಕ್ಕೆ ಕೊಲ್ಲಾಪುರ, ಭಾವನಗರಗಳಂಥ ಸಂಸ್ಥಾನಗಳು ಬೇಟೆಯ ಚೀತಾಗಳನ್ನು ಆಫ್ರಿಕಾದಿಂದಲೇ ತರಿಸಿಕೊಳ್ಳಬೇಕಾಯಿತು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಮೂರು ಚೀತಾಗಳನ್ನು ಕೊಂದ. 1952ರಲ್ಲಿ ಈ ಪ್ರಾಣಿ ಭಾರತದಲ್ಲಿ ನಶಿಸಿತೆಂದು ಸರಕಾರ ಘೋಷಿಸಿತು. ಏಷ್ಯಾದ ಚೀತಾ ಈಗ ಇರಾನಿನಲ್ಲಿ ಮಾತ್ರ, ಬೆರಳೆಣಿಕೆಯಷ್ಟು ಉಳಿದಿದೆ.

ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದಿಳಿದ ದಿನ 2022ರ ಸೆಪ್ಟೆಂಬರ್ 17. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಆ ದಿನಾಂಕದಂದು ನಮ್ಮ ಭಾಗದಲ್ಲಿ ಧ್ವಜ ಏರುತ್ತದೆ. ಆದ್ದರಿಂದ ಸುದ್ದಿ ಕೇಳಿದ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಮರುವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಬಂದವು. ಕೆಲವು ಸತ್ತವು, ಕೆಲವು ಮರಿ ಹಾಕಿದವು. ಅವು ನಮ್ಮ ಸಿವಂಗಿಯಲ್ಲ, ಅದರ ದೂರದ ದಾಯಾದಿಗಳು.

ನಮೀಬಿಯಾದಲ್ಲಿ ಮಿತ್ರರು ನೋಡಲೇಬೇಕೆಂದು ನಾನು ಒತ್ತಿ ಹೇಳಿದ್ದು ಉದ್ಯಾನಗಳ ಹೊರಗಿನ ಸಂಗತಿ. ಅಲ್ಲಿನ ಚೀತಾಗಳಲ್ಲಿ ಹೆಚ್ಚಿನವು ಬದುಕಿರುವುದು ದನಕುರಿ ಸಾಕುವ ರೈತರ ಖಾಸಗಿ ಜಮೀನಿನಲ್ಲಿ. ಕಾಯ್ದಿಟ್ಟ ಕಾಡುಗಳಲ್ಲಿ ಸಿಂಹವೂ ಕತ್ತೆಕಿರುಬವೂ ಅದರ ಬೇಟೆ ಕಸಿಯುತ್ತವೆ; ಆದ್ದರಿಂದ ಅದು ಮನುಷ್ಯರ ನೆರೆಯನ್ನೇ ಆರಿಸಿಕೊಂಡಿದೆ. ಅಲ್ಲಿಯ ರೈತರೂ ಬಹುಕಾಲ ಅದನ್ನು ಶತ್ರುವೆಂದೇ ಎಣಿಸಿ, ಅದು ಗುರುತು ಬಿಡುವ ಮರಗಳ ಬಳಿಯೇ ಬೋನು ಇಟ್ಟು ಹಿಡಿದು ಕೊಲ್ಲುತ್ತಿದ್ದರು. ನಮ್ಮ ಬೇಟೆಗಾರರ ಉರುಲು, ಅವರ ಬೋನು, ಎರಡಕ್ಕೂ ಒಂದೇ ಮರ! 1990ರಲ್ಲಿ ಓಚಿವಾರೊಂಗೊ ಎಂಬಲ್ಲಿ ನೆಲೆಸಿದ ಚೀತಾ ಸಂರಕ್ಷಣ ಸಂಸ್ಥೆಯವರು 1994ರಿಂದ ರೈತರಿಗೆ ತುರ್ಕಿ ಮೂಲದ ಕಾವಲುನಾಯಿಗಳನ್ನು ಸಾಕಿ ಕೊಡಲಾರಂಭಿಸಿದರು. ಕುರಿಗಳ ನಡುವೆಯೇ ಬೆಳೆದ ನಾಯಿ ಬೊಗಳಿ ನಿಂತರೆ ಚೀತಾ ಜಗಳಕ್ಕೆ ನಿಲ್ಲದೆ ಸರಿದುಹೋಗುತ್ತದೆ.

ಇದನ್ನು ಕೇಳಿ ಅಫಜಲಪುರದ ರೈತರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ್ದು ತಮ್ಮ ಊರ ಗಾಯರಾಣದ ಮಾತು. ಅಜ್ಜನ ಕಾಲದಲ್ಲಿ ಕುರುಬರ ಹಿಂಡು ನಾಯಿ ಸಮೇತ ಅಲ್ಲಿ ಇಳಿಯುತ್ತಿತ್ತಂತೆ, ತೋಳ ಬರುತ್ತಿತ್ತಂತೆ. ಈಗ ಅಲ್ಲಿ ಕಬ್ಬು. ಹುಲ್ಲಿನ ಬಯಲನ್ನು ಬೀಳುಭೂಮಿಯೆಂದು ಬರೆದುಕೊಂಡ ಕಾಗದವೇ ಕೋವಿಗಿಂತ ಹೆಚ್ಚು ಪ್ರಾಣಿಗಳನ್ನು ಕೊಂದಿದೆ ಎಂಬುದು ನನ್ನ ಅಭಿಪ್ರಾಯ. ಗಡಿಯಾಚೆ ಸೊಲ್ಲಾಪುರದ ನಾನ್ನಜ್‌ನಲ್ಲಿ 1979ರಲ್ಲಿ ಎರೆಬೂತ ಪಕ್ಷಿಗಾಗಿ ಅಭಯಧಾಮ ಮಾಡಿದರು. ಕಾಗದದ ಮೇಲೆ ಸುಮಾರು 8,500 ಚದರ ಕಿಲೋಮೀಟರು ಇದ್ದದ್ದು ಮುಂದೆ ಸುಮಾರು 1,200ಕ್ಕೆ ಇಳಿಯಿತು. ಎರೆಬೂತ ಕಾಣಿಸುವುದು ಈಗ ಅಪರೂಪ. ಚಿಗರಿಗಳೂ ತೋಳಗಳೂ ಇನ್ನೂ ಇವೆ. ಆಳಂದದಿಂದ ಅದು ಕಾರಿನಲ್ಲಿ ಒಂದು ಬೆಳಗಿನ ದಾರಿ. ಆಫ್ರಿಕಾಕ್ಕೆ ಹೊರಡುವ ಮುಂಚೆ ಅಲ್ಲಿಗೊಮ್ಮೆ ಹೋಗಿಬನ್ನಿ ಎಂದೆ. ಒಪ್ಪಿದರು.

ಉಪಾಧ್ಯಾಯರು ಪಟ್ಟಿಯನ್ನು ಕೈಗೆತ್ತಿಕೊಂಡು “ಚಿರತೆ” ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ “ಸಿವಂಗಿ” ಎಂದು ಬರೆದರು. ಬರೆದು, ಒಮ್ಮೆ ಗಟ್ಟಿಯಾಗಿ ಓದಿದರು. ಚಹಾ ಬಂತು. ಟಿಕೇಟಿನ ಹಣದ ಮಾತು ಆಮೇಲೆ ಆರಂಭವಾಯಿತು. ಅದರಲ್ಲಿ ನನ್ನ ಸಲಹೆಯನ್ನು ಯಾರೂ ಕೇಳಲಿಲ್ಲ.