ಜೋಳದ ನುಚ್ಚಿನಿಂದ ಪೊಟ್ಟಣದ ಕಾಳಿಗೆ

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಶರಣೆ ನೀಲಮ್ಮನ ಐಕ್ಯಸ್ಥಳವೆಂದು ಹೆಸರಾದ ಊರು. ಕೃಷ್ಣಾ ದಂಡೆಯ ಈ ಎರೆಸೀಮೆಯಲ್ಲಿ ನಾಯಿಗೆಂದು ಬೇರೆ ಒಲೆ ಹೊತ್ತುತ್ತಿರಲಿಲ್ಲ. ಹಿಂಗಾರಿ ಬಿಳಿಜೋಳವೇ ಮನೆಯವರಿಗೂ ದೊಡ್ಡಿ ಕಾಯುವ ನಾಯಿಗೂ ಊಟ: ತಂಗಳ ರೊಟ್ಟಿ, ನುಚ್ಚು, ಮೇಲಿಷ್ಟು ಮಜ್ಜಿಗೆ. ಕುರಿಗಾರರು ಊರೂರು ಅಲೆದರೂ ನಾಯಿಯ ತಿನಿಸು ಹೆಚ್ಚು ಬದಲಾಗುತ್ತಿರಲಿಲ್ಲ. ಹೊಲದಲ್ಲಿ ಮಂದೆ ತರುಬಿದ್ದಕ್ಕೆ ರೈತರು ಅಳೆದು ಕೊಡುತ್ತಿದ್ದುದೂ ಜೋಳವೇ.

ನಾಯಿಗೆ ಮಾಂಸವೇ ಸರಿ, ರೊಟ್ಟಿ ಒಗ್ಗದು ಎಂಬ ಪಟ್ಟಣದ ಮಾತು ಅರ್ಧ ಸತ್ಯ. ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವದ ಜೀನ್ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಹೆಚ್ಚೆಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಮಜ್ಜಿಗೆಯ ರೂಢಿಯೂ ಜಾಣತನದ್ದೇ. ಬೆಳೆದ ನಾಯಿಗೆ ಹಾಲಿನ ಸಕ್ಕರೆ ಅರಗುವುದು ಕಷ್ಟ. ಹೆಪ್ಪು ಹಾಕಿದಾಗ ಅದರ ಒಂದು ಪಾಲು ಹುಳಿಯಾಗಿರುತ್ತದೆ. ಹಾಗೆಂದು ನುಚ್ಚು ಪರಿಪೂರ್ಣ ಆಹಾರವಲ್ಲ, ಅದರಲ್ಲಿ ಪ್ರೋಟೀನ್ ಕಡಿಮೆ. ಹೊಲದಲ್ಲಿ ಹಿಡಿದ ಮೊಲ ಆ ಕೊರತೆಯನ್ನು ಒಂದಿಷ್ಟು ತುಂಬುತ್ತಿತ್ತು.

ಈ ಸೀಮೆಯ ಬೇಟೆನಾಯಿಗೆ ಹೆಸರು ತಂದದ್ದು ಮುಧೋಳ. 1997ರವರೆಗೆ ಅದೂ ಮುದ್ದೇಬಿಹಾಳದಂತೆ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲಿತ್ತು. ಅಲ್ಲಿನ ಅರಸ ಮಾಲೋಜಿರಾವ್ ಘೋರ್ಪಡೆ ತಳಿಯನ್ನು ಪೋಷಿಸಿದರು. 2005ರಲ್ಲಿ ಅಂಚೆಚೀಟಿ ಬಂತು, ಮುಂದೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ, ಬಳಿಕ ಸೇನೆಯ ಕರೆ. ಹೆಸರಾದಂತೆ ಮರಿಗಳು ದೂರದ ನಗರಗಳಿಗೆ ಹೋದವು. ಅಲ್ಲಿ ಕಾದಿದ್ದುದು ಪೊಟ್ಟಣದ ಕಾಳು, 1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಲಂಡನ್ನಿನಲ್ಲಿ ಮಾರಿದ ನಾಯಿ ಬಿಸ್ಕತ್ತಿನ ವಂಶದ್ದು.

ನಿನ್ನೆ ನುಚ್ಚು ಉಂಡ ಮರಿಗೆ ಇಂದು ಬಟ್ಟಲು ತುಂಬ ಕಾಳು ಸುರಿದರೆ ಹೊಟ್ಟೆ ಕೆಡುತ್ತದೆ. ತಪ್ಪು ಕಾಳಿನದಲ್ಲ, ಅವಸರದ್ದು. ಕರುಳಿನ ಸೂಕ್ಷ್ಮಾಣುಗಳೂ ಮೇದೋಜೀರಕ ಗ್ರಂಥಿಯ ಕಿಣ್ವಗಳೂ ಹಳೆಯ ಊಟಕ್ಕೆ ಹೊಂದಿಕೊಂಡಿರುತ್ತವೆ. ಹೊಸದು ಪೂರ್ತಿ ಅರಗದೆ ದೊಡ್ಡ ಕರುಳಿಗೆ ಇಳಿದು ಹುದುಗುತ್ತದೆ, ನೀರನ್ನು ಸೆಳೆಯುತ್ತದೆ, ಅದೇ ಭೇದಿ. ಪ್ರಯಾಣದ ದಣಿವು, ತಾಯಿ ಅಗಲಿದ ದಿಗಿಲು, ಹೊಟ್ಟೆಯ ಹುಳು ಸೇರಿದರೆ ಮರಿ ಇನ್ನಷ್ಟು ಬಳಲುತ್ತದೆ.

ಮೊದಲು ಕಾಲು ಪಾಲು ಹೊಸದು, ಮುಕ್ಕಾಲು ಹಳೆಯದು ಕಲಸಿ, ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಿಸುವುದು ಪಶುವೈದ್ಯರ ಕ್ರಮ. ಮರಿ ಕೊಂಡವರು ಮಾರಿದವರಿಂದ ನಾಲ್ಕು ದಿನದ ನುಚ್ಚನ್ನೂ ಕೇಳಿ ತರುವುದು ಲೇಸು. ಆದರೆ ವಾಂತಿಯೊಂದಿಗೆ ರಕ್ತಭೇದಿ ಕಂಡರೆ ಊಟವನ್ನು ದೂರುತ್ತ ಕೂರಬಾರದು. ಅದು 1978ರಲ್ಲಿ ಗುರುತಿಸಲಾದ ಪಾರ್ವೊ ವೈರಾಣುವಿನ ಕಾಟವಿರಬಹುದು; ಲಸಿಕೆಯಾಗದ ಮರಿಯನ್ನು ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು.