ಅಂತರ್ಜಾಲದಲ್ಲಿ ಕಿರುಕುಳ (ಟ್ರೋಲ್): ಸಾರ್ವಜನಿಕರಿಗೆ ಮಾಹಿತಿ

ಇತರರನ್ನು ಕೆರಳಿಸುವ ಉದ್ದೇಶದಿಂದಲೇ ಅಂತರ್ಜಾಲದಲ್ಲಿ ಹೀಯಾಳಿಸುವುದನ್ನು ‘ಟ್ರೋಲ್’ ಎನ್ನಲಾಗುತ್ತದೆ. ಉತ್ತರ ದೊರೆತಷ್ಟೂ ಇದು ಬೆಳೆಯುವುದರಿಂದ ಪ್ರತ್ಯುತ್ತರ ನೀಡದಿರುವುದು ಸೂಕ್ತ.

ಅಪರಾಧ ಯಾವುದು?

ಮನಸ್ಸಿಗೆ ನೋವಾದ ಮಾತ್ರಕ್ಕೆ ಮೊಕದ್ದಮೆ ದಾಖಲಿಸಲಾಗದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಎ ಅನ್ನು ಸರ್ವೋಚ್ಚ ನ್ಯಾಯಾಲಯವು 24-03-2015ರಂದು ರದ್ದುಪಡಿಸಿದೆ. ಆದರೆ ಈ ಕೆಳಕಂಡವು ಅಪರಾಧಗಳಾಗಿರುತ್ತವೆ:

1. ಜೀವ ಬೆದರಿಕೆ: ಭಾರತೀಯ ನ್ಯಾಯ ಸಂಹಿತೆ, 2023, ಕಲಂ 351
2. ಮಹಿಳೆಯನ್ನು ಅಂತರ್ಜಾಲದಲ್ಲಿ ಬೆನ್ನಟ್ಟುವುದು: ಅದೇ ಸಂಹಿತೆ, ಕಲಂ 78
3. ಅಶ್ಲೀಲ ಚಿತ್ರಗಳ ಪ್ರಸಾರ: ಮಾಹಿತಿ ತಂತ್ರಜ್ಞಾನ ಅಧಿನಿಯಮ, ಕಲಂ 67

ದೂರು ಸಲ್ಲಿಸುವ ವಿಧಾನ

1. ಸಂದೇಶವನ್ನು ಅಳಿಸುವ ಅಥವಾ ಕಳುಹಿಸಿದವರನ್ನು ಬ್ಲಾಕ್ ಮಾಡುವ ಮುನ್ನ ಸ್ಕ್ರೀನ್‌ಶಾಟ್, ಖಾತೆಯ ವಿಳಾಸ, ದಿನಾಂಕ ಹಾಗೂ ವೇಳೆಯನ್ನು ತಪ್ಪದೆ ಉಳಿಸಿಕೊಳ್ಳತಕ್ಕದ್ದು. ಸಾಕ್ಷ್ಯ ಅಳಿದಲ್ಲಿ ಆರೋಪಿಯ ಪತ್ತೆ ಕಷ್ಟವಾಗುತ್ತದೆ.
2. ಚಾಂಪಿಯನ್ ರೀಫ್ಸ್, ಬಂಗಾರಪೇಟೆ ಸೇರಿದಂತೆ ಕೆ.ಜಿ.ಎಫ್. ಪೊಲೀಸ್ ಜಿಲ್ಲೆಯ ನಿವಾಸಿಗಳು ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಜಿಲ್ಲೆಯ ಸಿ.ಇ.ಎನ್. (ಸೈಬರ್, ಆರ್ಥಿಕ, ಮಾದಕ ದ್ರವ್ಯ) ಅಪರಾಧ ಠಾಣೆಯಲ್ಲಿ ದೂರು ಸಲ್ಲಿಸಬಹುದು.
3. ಸಂಜ್ಞೇಯ ಅಪರಾಧವಾದಲ್ಲಿ ಸರಹದ್ದಿನ ಕಾರಣ ನೀಡಿ ದೂರನ್ನು ನಿರಾಕರಿಸುವಂತಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿಯು ದೂರುದಾರರಿಗೆ ಉಚಿತ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023, ಕಲಂ 173).
4. ಮನೆಯಿಂದಲೇ ದೂರು ನೀಡಲು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್ ಲಭ್ಯವಿದೆ.

ವಿಶೇಷ ಸೂಚನೆ: ಚಿತ್ರ ಬಹಿರಂಗಪಡಿಸುವುದಾಗಿ ಬೆದರಿಸಿ ಹಣ ಕೇಳಿದಲ್ಲಿ ಪಾವತಿಸಬಾರದು. ಹಣ ಈಗಾಗಲೇ ಸಂದಾಯವಾಗಿದ್ದಲ್ಲಿ ಕೂಡಲೇ 1930ಕ್ಕೆ ಕರೆ ಮಾಡತಕ್ಕದ್ದು.