ಹೆಚ್ಚುವರಿ ಗಂಧಕದಿಂದ ಪಾಲಿಮರ್: ಮಾನೋಮರ್ ಆಯ್ಕೆಯ ಮಾನದಂಡಗಳು

ಕಚ್ಚಾತೈಲ ಹಾಗೂ ನೈಸರ್ಗಿಕ ಅನಿಲದ ಶುದ್ಧೀಕರಣದಲ್ಲಿ ಬೇರ್ಪಡುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಕ್ಲಾಸ್ ವಿಧಾನದಿಂದ ಗಂಧಕವಾಗಿಸುತ್ತಾರೆ. ಮಂಗಳೂರಿನ ತೈಲಾಗಾರದಲ್ಲೂ ಗಂಧಕ ಉಪೋತ್ಪನ್ನವೇ. ಅದರ ಬಹುಪಾಲು ಸಲ್ಫ್ಯೂರಿಕ್ ಆಮ್ಲದ ತಯಾರಿಕೆಗೆ ಸಲ್ಲುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಮಿಕ್ಕ ಗಂಧಕದ ಹಳದಿ ದಿಬ್ಬಗಳೇ ಎದ್ದಿವೆ. ಇದನ್ನು ಪಾಲಿಮರ್ ಆಗಿಸುವಾಗ ಗಂಧಕದ ಅಗ್ಗದ ಬೆಲೆಗಿಂತ ಜೊತೆಗೂಡುವ ಮಾನೋಮರ್‌ನ ಆಯ್ಕೆಯೇ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಗಂಧಕದ ಅಣು 8 ಪರಮಾಣುಗಳ ಉಂಗುರ. ಸುಮಾರು 159 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಂಗುರಗಳು ಬಿಚ್ಚಿ ಉದ್ದದ ಸರಪಳಿಗಳಾಗುತ್ತವೆ. ಆದರೆ ತಣಿದ ಮೇಲೆ ಅವು ಕ್ರಮೇಣ ಮತ್ತೆ ಉಂಗುರಗಳಾಗುತ್ತವೆ. 2013ರಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ಜೆಫ್ರಿ ಪ್ಯೂನ್ ಅವರ ತಂಡ, ದ್ರವಗಂಧಕಕ್ಕೆ 1,3-ಡೈಐಸೊಪ್ರೊಪೆನೈಲ್‌ಬೆಂಝೀನ್ ಬೆರೆಸಿ 185 ಡಿಗ್ರಿಗೆ ಕಾಯಿಸಿ, ಸರಪಳಿಗಳ ತುದಿಯ ರ್‍ಯಾಡಿಕಲ್‌ಗಳನ್ನು ದ್ವಿಬಂಧಗಳಿಗೆ ಜೋಡಿಸಿತು. ದ್ರಾವಕವೂ ಬೇಕಾಗಲಿಲ್ಲ. ರಬ್ಬರಿನ ವಲ್ಕನೀಕರಣದಲ್ಲಿ ಗಂಧಕ ಅಲ್ಪಭಾಗ. ಇಲ್ಲಿ ತೂಕದ ಅರ್ಧಕ್ಕೂ ಹೆಚ್ಚು. ಆದ್ದರಿಂದಲೇ ಇದು ವಿಲೋಮ ವಲ್ಕನೀಕರಣ.

ಮಾನೋಮರ್‌ಗೆ ಮೊದಲ ಪರೀಕ್ಷೆ ದ್ವಿಬಂಧಗಳ ಸಂಖ್ಯೆ. ಒಂದೇ ಇದ್ದರೆ ಅಡ್ಡಬಂಧಗಳ ಜಾಲ ಬೆಳೆಯುವುದು ಕಷ್ಟ. ಎರಡನೆಯದು, ಅದು ದ್ರವಗಂಧಕದಲ್ಲಿ ಬೆರೆಯಬೇಕು, ಕ್ರಿಯೆಯ ತಾಪದಲ್ಲಿ ಆವಿಯಾಗಬಾರದು. ಲಿಮೊನೀನ್‌ನ ಕುದಿಬಿಂದು ಸುಮಾರು 176 ಡಿಗ್ರಿ. ಅದರೊಂದಿಗೆ ಈ ಎಚ್ಚರ ಅಗತ್ಯ. ಮೂರನೆಯದು, ದ್ವಿಬಂಧದ ಪಕ್ಕದ ಹೈಡ್ರೋಜನ್‌ಗಳನ್ನು ಗಂಧಕ ಸೆಳೆದುಕೊಂಡರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ. ಲಿವರ್‌ಪೂಲ್‌ನ ಟಾಮ್ ಹಾಸೆಲ್ ತಂಡ 2019ರಲ್ಲಿ ವರದಿ ಮಾಡಿದ ಸತುವಿನ ಡೈಥಯೋಕಾರ್ಬಮೇಟ್ ವೇಗವರ್ಧಕ, ಕ್ರಿಯೆಯ ತಾಪವನ್ನೂ ಈ ಅನಿಲವನ್ನೂ ತಗ್ಗಿಸಿತು. ನಾಲ್ಕನೆಯದು, ಅಣುವಿನ ಬಿಗುವು. ಡೈಸೈಕ್ಲೊಪೆಂಟಡೈಈನ್ ಗಡಸು ಪಾಲಿಮರ್ ಕೊಟ್ಟರೆ, ಲಿಮೊನೀನ್ ಮೇಣದಂಥ ಮೆದು ವಸ್ತು ಕೊಡುತ್ತದೆ.

ಆದರೆ ಅಂತಿಮ ತೀರ್ಪು ಬಳಕೆಯದು. ಅವಕೆಂಪು ಮಸೂರಕ್ಕೆ ಸ್ವಲ್ಪವೇ ವಸ್ತು ಸಾಕು. ಅಲ್ಲಿ ದುಬಾರಿ ಮಾನೋಮರ್ ಒಪ್ಪಿತ. ನೀರಿನಿಂದ ಪಾದರಸ ಹೀರುವ ವಸ್ತು ಟನ್‌ಗಟ್ಟಲೆ ಬೇಕು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಜಸ್ಟಿನ್ ಚಾಕರ್ ತಂಡ ಅದಕ್ಕೆ ಲಿಮೊನೀನ್‌ನಿಂದಲೂ ಕೆನೋಲಾ ಎಣ್ಣೆಯಿಂದಲೂ ಪಾಲಿಸಲ್ಫೈಡ್ ತಯಾರಿಸಿತು. ನಮ್ಮ ಹೊಂಗೆಎಣ್ಣೆಯಲ್ಲೂ ಓಲಿಯಿಕ್ ಆಮ್ಲವೇ ಪ್ರಧಾನ, ಅದು ತಿನ್ನುವ ಎಣ್ಣೆಯೂ ಅಲ್ಲ. ಆದ್ದರಿಂದ ಅದು ಪರೀಕ್ಷೆಗೆ ಯೋಗ್ಯ ಅಭ್ಯರ್ಥಿ. ಅಂಥ ಪರೀಕ್ಷೆಯಲ್ಲಿ ಬಳಸಿದ ಗಂಧಕದ ಪ್ರಮಾಣದ ಜೊತೆಗೆ, ಕೂಡದೆ ಉಳಿದ ಸ್ಫಟಿಕ ಗಂಧಕವನ್ನೂ ಹೊಮ್ಮಿದ ಅನಿಲವನ್ನೂ ಅಳೆಯಬೇಕು. ಆಗಷ್ಟೇ ತ್ಯಾಜ್ಯ ನಿಜಕ್ಕೂ ಸಂಪನ್ಮೂಲವಾಯಿತೇ ಎಂದು ನಿರ್ಣಯಿಸಬಹುದು.